ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ, ಸಮಯ ಎರಡನ್ನೂ ನಾನೇ ಲೆಕ್ಕ ಹಾಕಿದ್ದು

ಅಪ್ಪ-ಅಮ್ಮನನ್ನು ತಂಗಿಯ ಮನೆಗೆ ಕಳಿಸಬೇಕಿತ್ತು. ಅಮ್ಮನದು ಒಂದೇ ಪ್ರಶ್ನೆ, "ಎಷ್ಟು ಹೊತ್ತು ಕೂತಿರಬೇಕೋ?" ಟಿಕೆಟ್ ನೋಡಿ ಹೇಳೋಣ ಅಂದರೆ ಅಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಸರಿ, ನಾನೇ ಲೆಕ್ಕಕ್ಕೆ ಕೂತೆ.

ಮೊದಲು ದೂರ. ಮನೆಯಲ್ಲಿ 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಇದೆ. ಸುತ್ತಳತೆ 94 ಸೆಂ.ಮೀ. ಭೂಮಿಯದು ಸುಮಾರು 40,000 ಕಿ.ಮೀ. ಹಾಗಾಗಿ ಗ್ಲೋಬ್ ಮೇಲಿನ 1 ಸೆಂ.ಮೀ.ಗೆ ಹತ್ತಿರಹತ್ತಿರ 425 ಕಿ.ಮೀ. ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಜಾರಿಕೊಂಡು ಹೋಗಿ ಅತಿ ಚಿಕ್ಕ ದಾರಿಯಲ್ಲಿ ನಿಲ್ಲುತ್ತದೆ. ಅದು ಹೋಗಿದ್ದು ನೇಪಾಳ, ಸೈಬೀರಿಯಾ, ಅಲಾಸ್ಕಾ ಮೇಲೆ! ಗೋಡೆಯ ಮ್ಯಾಪ್ ನೋಡಿದವರು ಇದನ್ನು ನಂಬುವುದೇ ಇಲ್ಲ. ದಾರ ಅಳೆದರೆ 33 ಸೆಂ.ಮೀ., ಅಂದರೆ 14,000 ಕಿ.ಮೀ. ಆಮೇಲೆ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿ ಎಕ್ಸೆಲ್‌ನಲ್ಲೂ ನೋಡಿದೆ. ಸುಮಾರು 13,990 ಬಂತು.

ಇನ್ನು ಸಮಯ. ದೊಡ್ಡ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಇದು ಬರೀ ಕಾಗದದ ಲೆಕ್ಕ, ಯಾಕಂದರೆ ವಿಮಾನ ದಾರದ ದಾರಿಯಲ್ಲೇ ಹೋಗುವುದಿಲ್ಲ. ಎತ್ತರದ ಟಿಬೆಟ್ ಮೇಲೆ ಹಾರುವುದನ್ನು ಆದಷ್ಟೂ ತಪ್ಪಿಸುತ್ತಾರೆ. ಅದಕ್ಕಿಂತ ಮುಖ್ಯ ಗಾಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತಿರುತ್ತದೆ, ಗಂಟೆಗೆ 150 ಕಿ.ಮೀ. ದಾಟುವುದು ಮಾಮೂಲು. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ಆದ್ದರಿಂದ ದಾರಿ ಉದ್ದವಾದರೂ ಸುಮಾರು 16 ಗಂಟೆಯಲ್ಲಿ ಮುಗಿಯುತ್ತದೆ. ಬರುವಾಗ ಅದೇ ಗಾಳಿಗೆ ಸಿಕ್ಕಿಕೊಳ್ಳಬಾರದಲ್ವಾ? 2021ರ ಜನವರಿಯಲ್ಲಿ ಏರ್ ಇಂಡಿಯಾ ಮೊದಲ ಬಾರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ಹಾರಿದಾಗ ಉತ್ತರ ಧ್ರುವದ ಮೇಲೇ ಬಂದಿತ್ತು, ಪೈಲಟ್‌ಗಳೆಲ್ಲ ಮಹಿಳೆಯರು. 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿಯಿತು. ತಾರೀಖು ನೋಡಿ ಹೆದರಬೇಡಿ, ಹಾರಿದ್ದು 17 ಗಂಟೆ ಚಿಲ್ಲರೆ.

ಟಿಕೆಟ್ ಓದುವುದು ಹೀಗೆ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮ ಲೆಕ್ಕಕ್ಕೆ ಮರುದಿನ ಬೆಳಗ್ಗೆ 6. ಅದರಲ್ಲಿ 12.30 ಕಳೆದರೆ ಅಲ್ಲಿ ಹೊರಟ ದಿನವೇ ಸಂಜೆ ಐದೂವರೆ. "ಮೂರೂವರೆ ಗಂಟೆ ಪ್ರಯಾಣನಾ?" ಅಂತ ಅಪ್ಪ ಖುಷಿಯಾಗಿದ್ದು ಇಲ್ಲೇ.

ನೇರ ಟಿಕೆಟ್ ದುಬಾರಿ ಅನ್ನಿಸಿ ದುಬೈ ದಾರಿಯನ್ನೂ ಅಳೆದೆ. 2,700 ಮತ್ತು 13,000, ಒಟ್ಟು 15,700 ಕಿ.ಮೀ. ಹೆಚ್ಚಾಗುವುದು ಎರಡು ಗಂಟೆಯ ಹಾರಾಟ ಅಷ್ಟೇ, ದಿನ ತಿನ್ನುವುದು ನಡುವಿನ ಕಾಯುವಿಕೆ. ಅಮ್ಮನಿಗೆ ಮಂಡಿ ನೋವು, ಮಧ್ಯದಲ್ಲಿ ಇಳಿದು ಓಡಾಡಿದರೆ ಒಳ್ಳೆಯದು ಅಂತ ನಾಲ್ಕು ಗಂಟೆ ಬಿಡುವಿನ ದುಬೈ ಟಿಕೆಟ್ಟನ್ನೇ ಹಿಡಿದೆ, ವೀಲ್‌ಚೇರ್ ಬುಕಿಂಗ್ ಸಮೇತ.