ಸೈಡ್‌ಬಾರ್‌ನಿಂದ ‘ಮಾಡುವುದು ಹೇಗೆ’ ತೆಗೆದ ಮೇಲೆ

ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದರ ಕನ್ನಡ ಸಹಾಯ ಪುಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೈಟ್ ಇರುವುದು ಡಾಕ್ಯುಸಾರಸ್‌ನಲ್ಲಿ, ಅಂದರೆ ಇಂಥ ಸಹಾಯ ಪುಟಗಳ ಸೈಟ್ ಕಟ್ಟುವ ಸಾಧನದಲ್ಲಿ. ಫೋಲ್ಡರ್‌ಗೆ ಪುಟ ಹಾಕಿದರೆ ಸೈಡ್‌ಬಾರ್, ಅಂದರೆ ಪಕ್ಕದಲ್ಲಿ ಕಾಣುವ ಪುಟಗಳ ಪಟ್ಟಿ, ತಾನೇ ತಯಾರಾಗುತ್ತದೆ. ಹಾಗಾಗಿ ಬಹಳ ದಿನ ನಾನು ಅದರಲ್ಲಿನ ಹೆಸರು, ಕ್ರಮಗಳನ್ನು ಮುಟ್ಟಿರಲೇ ಇಲ್ಲ.

ಒಂದು ದಿನ ಹೊಸದಾಗಿ ಸೇರಿದ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಬಿಲ್ ರದ್ದು ಮಾಡೋದು ಎಲ್ಲಿದೆ, ಹುಡುಕಿ ನೋಡೋಣ” ಅಂದೆ. ಮೇಲಿಂದ ಕೆಳಗೆ ಎರಡು ಸಲ ಸ್ಕ್ರಾಲ್ ಮಾಡಿದರು. ಪುಟ ಕಣ್ಣ ಮುಂದೆಯೇ ಇತ್ತು. “ಎಲ್ಲಾ ಒಂದೇ ಥರ ಕಾಣಿಸ್ತಿದೆ ಮೇಡಂ” ಅಂದರು.

ನಿಜ. ಪ್ರತಿ ಲೇಬಲ್ಲೂ ‘ಮಾಡುವುದು ಹೇಗೆ’ ಎಂದೇ ಮುಗಿಯುತ್ತಿತ್ತು. ಇಂಗ್ಲಿಷ್ ಪುಟಗಳ ‘ಹೌ ಟು’ವನ್ನು ನಾವು ಸುಮ್ನೆ ಹಾಗೇ ಕನ್ನಡಕ್ಕೆ ತಂದಿದ್ದೆವು. ಸೈಡ್‌ಬಾರ್‌ನ 300 ಪಿಕ್ಸೆಲ್ ಅಗಲದಲ್ಲಿ ಆ ಬಾಲಕ್ಕೆ ಜಾಗ ಸಾಲುತ್ತಿರಲಿಲ್ಲ. ಕನ್ನಡದಲ್ಲಿ ವಿಷಯದ ಪದ ಮೊದಲೇ ಬರುತ್ತದೆ. ಬಾಲ ಕತ್ತರಿಸಿದರೆ ಆಯ್ತು ಅಲ್ವಾ? ಪುಟದ ಶೀರ್ಷಿಕೆ ಹಾಗೇ ಇರಲಿ ಎಂದು, ಸೈಡ್‌ಬಾರ್‌ಗೆ ಮಾತ್ರ ಚಿಕ್ಕ ಹೆಸರು ಕೊಟ್ಟೆ: ‘ಬಿಲ್ ರದ್ದು’, ‘ಬಿಲ್ ತಿದ್ದುಪಡಿ’, ‘ಸ್ಟಾಕ್ ಎಣಿಕೆ’. ಫೈಲ್ ಹೆಸರಿನ ಪ್ರಕಾರ ಬರುತ್ತಿದ್ದ ಕ್ರಮವನ್ನೂ ಬದಲಿಸಿದೆ. ಅಂಗಡಿಯಲ್ಲಿ ದಿನವೂ ಬೇಕಾಗುವುದು ಮೇಲೆ, ವರ್ಷಕ್ಕೊಮ್ಮೆ ಬೇಕಾಗುವುದು ಕೆಳಗೆ.

ಜಾಸ್ತಿ ಸಮಯ ಹಿಡಿದದ್ದು ಒತ್ತಕ್ಷರ. ಉದ್ದದ ಹೆಸರುಗಳನ್ನು ಒಂದೇ ಸಾಲಿಗೆ ನಿಲ್ಲಿಸಿ ಕೊನೆಗೆ ಮೂರು ಚುಕ್ಕಿ ಬರುವಂತೆ ಹಿಂದೆ ನಾನೇ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಕೋಡ್) ಬರೆದಿದ್ದೆ. ಸಾಲಿನ ಚೌಕದಿಂದ ಆಚೆ ಹೋದದ್ದೆಲ್ಲವನ್ನೂ ಅದು ಕತ್ತರಿಸುತ್ತಿತ್ತು. ನಮ್ಮ ಒತ್ತುಗಳು ಅಕ್ಷರದ ಕೆಳಗೇ ತಾನೇ ಇರುವುದು? ಲೈನ್‌ಹೈಟ್, ಅಂದರೆ ಒಂದು ಸಾಲಿಗೆ ಸಿಗುವ ಎತ್ತರ, ಅಕ್ಷರದ ಗಾತ್ರದ 1.25 ಪಟ್ಟು ಇದ್ದಾಗ ‘ರದ್ದು’ವಿನ ಒತ್ತು ಅರ್ಧ ಮಾಯವಾಗುತ್ತಿತ್ತು. ಓದುವವರು ಊಹಿಸಿಕೊಳ್ಳಬೇಕಿತ್ತು. ಆ ಸಿಎಸ್‌ಎಸ್ ತೆಗೆದು, ಸೈಡ್‌ಬಾರ್‌ಗೆ 1.5, ಪುಟದ ಬರಹಕ್ಕೆ 1.8 ಇಟ್ಟೆ. ಆಗ ಇನ್ನೊಂದು ತೊಂದರೆ. ಎರಡು ಸಾಲಿನ ಒಂದು ಲೇಬಲ್ ಎರಡು ಬೇರೆ ಲೇಬಲ್‌ಗಳ ಹಾಗೆ ಕಾಣತೊಡಗಿತು. ಲೇಬಲ್‌ಗಳ ನಡುವಿನ ಜಾಗವನ್ನು ಸಾಲುಗಳ ನಡುವಿನ ಜಾಗಕ್ಕಿಂತ ಹೆಚ್ಚಿಸಿದ ಮೇಲೆ ಸರಿಹೋಯಿತು.

ಈಗ ಯಾವ ಪುಟದಲ್ಲಿದ್ದೇವೆ ಎಂದು ತಿಳಿಯಲು ತೆಳು ನೀಲಿ ಬಣ್ಣ ಒಂದೇ ಇತ್ತು. ಅಕ್ಷರ ದಪ್ಪ ಮಾಡಿ ನೋಡಿದೆ. ಚಿಕ್ಕ ಗಾತ್ರದಲ್ಲಿ ಕನ್ನಡ ಅಕ್ಷರಗಳ ಒಳಗಿನ ಜಾಗ ಮುಚ್ಚಿಹೋಗಿ ಓದಲು ಇನ್ನೂ ಕಷ್ಟವಾಯಿತು. ಕೊನೆಗೆ ಎಡಗಡೆ ಒಂದು ದಪ್ಪ ಗೆರೆ ಹಾಕಿದೆ. ಉಳಿದ ಲೇಬಲ್‌ಗಳ ಬೂದು ಬಣ್ಣವನ್ನು ಹಿನ್ನೆಲೆಯ ಜತೆ 4.5:1 ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಬರುವಷ್ಟು ಗಾಢ ಮಾಡಿದೆ. ಸಾಮಾನ್ಯ ಗಾತ್ರದ ವೆಬ್ ಬರಹಕ್ಕೆ ಅಷ್ಟಾದರೂ ಬೇಕು ಎನ್ನುತ್ತದೆ ಡಬ್ಲ್ಯುಸಿಎಜಿ, ಅಂದರೆ ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂದು ಮಾಡಿದ ಮಾರ್ಗಸೂಚಿ.

ಅಂಗಡಿಯವರು ಇದನ್ನೆಲ್ಲ ತೆರೆಯುವುದು ಫೋನಿನಲ್ಲಿ. ಅಲ್ಲಿ ಸೈಡ್‌ಬಾರ್ ಮೂರು ಗೆರೆಯ ಮೆನುವಿನ ಹಿಂದೆ ಅಡಗಿರುತ್ತದೆ. ಯಾವ ವಿಭಾಗದ ಯಾವ ಪುಟ ಎಂದು ಪುಟದ ನೆತ್ತಿಯಲ್ಲಿ ತೋರಿಸುವ ದಾರಿಗೂ ಅದೇ ಚಿಕ್ಕ ಹೆಸರುಗಳು ಬರುವುದರಿಂದ, ಈಗ ‘ಬಿಲ್ಲಿಂಗ್ › ಬಿಲ್ ರದ್ದು’ ಎಂದು ಒಂದೇ ಸಾಲಿನಲ್ಲಿ ನಿಲ್ಲುತ್ತದೆ.