ಎಲ್ಲ ನೋವನ್ನೂ ಒಂದೇ ಕಾಯಿಲೆಯ ತಲೆಗೆ ಕಟ್ಟಬೇಡಿ

ಮೂಡಿಗೆರೆ ಕಡೆ ಕಾಫಿ ಕೊಯ್ಲಿನ ಕಾಲಕ್ಕೆ ಮೈಕೈ ನೋಯದವರು ಯಾರಿದ್ದಾರೆ? ಹಾಗಾಗಿ ನನಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈತುಂಬ ನೋವು ಬಹುಕಾಲ ಕಾಡುವ ಕಾಯಿಲೆ, ಇದೆ ಅಂತ ಗೊತ್ತಾಗೋಕೆ ವರ್ಷಗಳೇ ಹಿಡಿದವು. ಗೊತ್ತಾದ ಮೇಲೆ ಉಲ್ಟಾ ತಪ್ಪಾಯ್ತು. ಎಲ್ಲಿ ನೋವು ಬಂದರೂ ಅದರದ್ದೇ ಅಂದುಕೊಂಡೆ.

ಒಂದು ಬೆಳಿಗ್ಗೆ ಬಳೆ ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿದರೂ ಇಲ್ಲ. ಬೆರಳ ಗೆಣ್ಣುಗಳು ಉಬ್ಬಿ, ಮುಟ್ಟಿದರೆ ಬಿಸಿ ಇದ್ದವು. ತೋರಿಸಿದರೆ ‘ಅದೇ ಹಳೇ ನೋವು’ ಅಂತ ಕಳಿಸಿದರು. ಅದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ, ಅಂತ ತಿಳಿದಿದ್ದು ಆರು ತಿಂಗಳಾದ ಮೇಲೆ. ಆ ಆರು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಷ್ಟು ನೆನಪಿಡಿ. ಫೈಬ್ರೊಮಯಾಲ್ಜಿಯಾದಲ್ಲಿ ಮಿದುಳು, ನರಗಳು ನೋವನ್ನು ಜಾಸ್ತಿ ಮಾಡಿ ತೋರಿಸುತ್ತವೆ. ಕೀಲು ಸವೆಯುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ಊದುವುದಿಲ್ಲ. ಊದಿದರೆ ಬೇರೆ ಕಾರಣ ಹುಡುಕಲೇಬೇಕು. ಒಂದು ಇದ್ದರೆ ಇನ್ನೊಂದು ಇರಲ್ಲ ಅನ್ನೋದೂ ಸುಳ್ಳು. ರುಮಟಾಯ್ಡ್ ಇರುವವರಲ್ಲಿ, ಅದೇ ಜಾತಿಯ ಲೂಪಸ್ ಕಾಯಿಲೆ ಇರುವವರಲ್ಲಿ ಫೈಬ್ರೊಮಯಾಲ್ಜಿಯಾ ಉಳಿದವರಿಗಿಂತ ಜಾಸ್ತಿ. ಡಾಕ್ಟರುಗಳು ಫೈಬ್ರೊಮಯಾಲ್ಜಿಯಾ ಗುರುತಿಸಲು ಬಳಸುವ 2016ರ ಪರಿಷ್ಕೃತ ಮಾನದಂಡವೂ ಬೇರೆ ಕಾಯಿಲೆ ಇದ್ದರೂ ಇದು ಇರಬಹುದು ಅನ್ನುತ್ತದೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್ ಇಡಿ. ಮೈಯ ಮುಂದು, ಹಿಂದು ಎರಡೂ ಚಿತ್ರ ಬರೆದು ನೋವಿನ ಜಾಗ ಗುರುತು ಮಾಡಿ. ಎದ್ದ ಮೇಲೆ ಕೈ ಬಿಗಿತ ಎಷ್ಟು ನಿಮಿಷ ಇತ್ತು, ನಿದ್ದೆ ಹೇಗಿತ್ತು, ಹೊಟ್ಟೆ ಕೆಟ್ಟಿತ್ತಾ, ತಲೆನೋವು ಬಂತಾ, ಎಲ್ಲ ಬರೆಯಿರಿ. ಗೊರಕೆ ಇದ್ದರೆ ಮನೆಯವರನ್ನು ಕೇಳಿ ಬರೆಯಿರಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದರೂ ಬೆಳಿಗ್ಗೆ ಸುಸ್ತು, ಮೈನೋವು ಇರುತ್ತದೆ. ಕೊಲೆಸ್ಟ್ರಾಲಿಗೆ ನುಂಗುವ ಸ್ಟ್ಯಾಟಿನ್‌ನಿಂದಲೂ ಸ್ನಾಯು ನೋಯಬಹುದು. ಮಾತ್ರೆಗಳ ಪಟ್ಟಿ ಜೊತೆಗಿರಲಿ, ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ.

ರಕ್ತ ಪರೀಕ್ಷೆಯ ಬಗ್ಗೆ ಧೈರ್ಯವಾಗಿ ಕೇಳಿ: ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್, ಸಿಆರ್‌ಪಿ (ಇವೆರಡೂ ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡಲು), ಟಿಎಸ್‌ಎಚ್ (ಥೈರಾಯ್ಡ್ ನೋಡಲು). ಬೇಕಿದ್ದರೆ ವಿಟಮಿನ್ ಡಿ, ಬಿ12 ಕೂಡ. ಬರೀ ಫೈಬ್ರೊಮಯಾಲ್ಜಿಯಾ ಆದರೆ ಇವು ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ.

ಥೈರಾಯ್ಡ್ ಕಡಿಮೆಯಾದರೂ ಮೈ ಭಾರ, ಸ್ನಾಯು ನೋವು. ನಮ್ಮ ಕಡೆಯವರಿಗೆ ಒಂದು ಮಾತು: ಥೈರಾಯ್ಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಕಾಫಿ ಕೂಡಲೇ ಕುಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅರ್ಧದಿಂದ ಒಂದು ಗಂಟೆ ತಡೆಯಿರಿ. ಕಾಫಿ ನಾಡಲ್ಲಿ ಇದು ಕಷ್ಟವೇ, ಆದರೂ ತಡೆಯಿರಿ.

ಜ್ವರ, ತೂಕ ಇಳಿಯುವುದು, ಕೈಕಾಲಲ್ಲಿ ಬಲ ಇಲ್ಲದಿರುವುದು, ಕೀಲು ಊದುವುದು ಕಂಡರೆ ಎರಡು ವಾರ ಕಾಯಬೇಡಿ. ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಫೈಬ್ರೊಮಯಾಲ್ಜಿಯಾ, ರುಮಟಾಯ್ಡ್ ಎರಡೂ ಇರುವವರು ಪ್ರತಿ ಸಲವೂ ಕೀಲು ಡಾಕ್ಟರಿಗೆ ಅದನ್ನು ಹೇಳಿ. ರುಮಟಾಯ್ಡ್ ಎಷ್ಟು ಜೋರಾಗಿದೆ ಅಂತ ಅಂಕ ಹಾಕಲು ಅವರು 28 ಕೀಲು ಒತ್ತಿ ನೋಡುವ ಲೆಕ್ಕದಲ್ಲಿ ಬರೀ ನೋಯುವ ಕೀಲೂ ಸೇರುತ್ತದೆ. ಫೈಬ್ರೊಮಯಾಲ್ಜಿಯಾದ ನೋವು ಅದರಲ್ಲಿ ಬೆರೆತರೆ ಅಂಕ ಏರುತ್ತದೆ, ಬೇಡದಿದ್ದರೂ ಔಷಧಿ ಜಾಸ್ತಿಯಾಗಬಹುದು. ಅದಕ್ಕೇ ನನ್ನ ಚಿತ್ರದಲ್ಲಿ ಊದಿದ್ದಕ್ಕೆ ಕೆಂಪು ಪೆನ್ನು, ಬರೀ ನೋವಿಗೆ ನೀಲಿ.