ಮಾವಿನ ಸೀಸನ್ನಲ್ಲೂ ಶುಗರ್ ಹಿಡಿತದಲ್ಲಿಟ್ಕೊಂಡ ನನ್ನ ಅನುಭವ

ನಾನು ಹುಟ್ಟಿದ್ದು ಶ್ರೀನಿವಾಸಪುರದ ಕಡೆ, ಮದುವೆಯಾಗಿ ಬಂದಿದ್ದು ಕೋಲಾರಕ್ಕೆ. ತವರಲ್ಲಿ ಮಾವಿನ ತೋಟ ಇದೆ. ಹಂಗಾಗಿ ಎಚ್‌ಬಿಎ1ಸಿ ಅನ್ನೋ ಶುಗರ್ ಟೆಸ್ಟಲ್ಲಿ 6.2 ಅಂತ ರಿಪೋರ್ಟ್ ಬಂದಾಗ ಮನೇಲಿ ಎಲ್ರೂ ಮೊದಲು ಹೇಳಿದ್ದು "ಇನ್ನು ಹಣ್ಣು ಮುಟ್ಬೇಡ" ಅಂತ. ಡಾಕ್ಟರು ಮಾತ್ರ ಹಂಗೆ ಹೇಳ್ಲಿಲ್ಲ. 5.7ರಿಂದ 6.4ರ ತನಕ ಇದ್ರೆ ಪ್ರೀಡಯಾಬಿಟಿಸ್ (ಡಯಾಬಿಟಿಸ್‌ಗೆ ಮುಂಚಿನ ಹಂತ), 6.5 ಮುಟ್ಟಿದ್ರೆ ಡಯಾಬಿಟಿಸ್, ನಿಮಗೆ ಈಗ್ಲೇ ಮಾತ್ರೆ ಬೇಡ, ಊಟ ಸರಿ ಮಾಡ್ಕೊಳ್ಳಿ, ದಿನಾ ನಡೀರಿ, ಈ ಟೆಸ್ಟು ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರ್ಸುತ್ತೆ, ಅದಕ್ಕೆ ಮೂರು ತಿಂಗಳು ಬಿಟ್ಟು ನೋಡೋಣ ಅಂದ್ರು.

ಆ ಸರಾಸರಿ ಅನ್ನೋ ಮಾತು ನನ್ನ ತಲೇಲಿ ಕೂತ್ಬಿಡ್ತು. ಸರಾಸರಿ ಅಂದ್ಮೇಲೆ ಯುಗಾದಿ ದಿನ ತಿಂದ ಒಬ್ಬಟ್ಟಿಗಿಂತ ಮಿಕ್ಕ ದಿನ ಏನ್ ತಿಂತೀನಿ ಅನ್ನೋದೇ ಮುಖ್ಯ ಅಲ್ವಾ. ಒಂದು ನೋಟ್‌ಬುಕ್ ಇಟ್ಕೊಂಡು ಬರೆಯೋಕೆ ಶುರು ಮಾಡ್ದೆ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಸುಮಾರು 5 ಗ್ರಾಂ ಅಂದ್ರೆ ಟೀಯಲ್ಲೇ 40 ಗ್ರಾಂ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರೋ ಪ್ರಕಾರ ನಾವು ಸೇರಿಸ್ಕೊಳ್ಳೋ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು. ಇದರ ಮೇಲೆ ಟೀ ಜೊತೆ ಬಿಸ್ಕತ್ತು, ಸಾಯಂಕಾಲ ಬೇಕರಿಯಿಂದ ತಂದ ದಿಲ್‌ಪಸಂದ್ ತುಂಡು. ಇದ್ಯಾವುದೂ ನಾನು ಆಸೆಪಟ್ಟು ತಿಂದಿದ್ದಲ್ಲ, ಎದುರಿಗಿತ್ತು ಅಂತ ಬಾಯಿಗೆ ಹೋಗ್ತಿತ್ತು ಅಷ್ಟೆ.

ಆಗ ನಾನು ಮಾಡ್ಕೊಂಡ ತೀರ್ಮಾನ ಇಷ್ಟೇ, ಇಷ್ಟ ಇಲ್ದಿದ್ರೂ ಅಭ್ಯಾಸಕ್ಕೆ ತಿನ್ನೋದನ್ನೆಲ್ಲ ಬಿಡ್ಬೇಕು, ನಿಜವಾಗ್ಲೂ ಇಷ್ಟ ಇರೋದನ್ನ ಬಿಡಬಾರದು. ಟೀ ಎರಡಕ್ಕೆ ಇಳಿಸ್ದೆ, ಸಕ್ಕರೆ ಒಂದೊಂದೇ ಚೂರು ಕಡಿಮೆ ಮಾಡ್ತಾ ಬಂದು ಈಗ ಪೂರ್ತಿ ನಿಲ್ಸಿದೀನಿ, ಬಿಸ್ಕತ್ತು ಮನೆಗೇ ತರಲ್ಲ. ಇಷ್ಟದ ಪಟ್ಟಿಯಲ್ಲಿ ಉಳ್ಕೊಂಡಿದ್ದು ಮಾವಿನಹಣ್ಣು, ಹಬ್ಬದ ಒಬ್ಬಟ್ಟು, ಮುಳಬಾಗಿಲು ದೋಸೆ, ಚಳಿಗಾಲದಲ್ಲಿ ಕರಿದ ಅವರೆಬೇಳೆ. ನೋಡಿದ್ರೆ ಮಾವಿನಹಣ್ಣು, ಒಬ್ಬಟ್ಟು, ಅವರೆಬೇಳೆ ಎಲ್ಲಕ್ಕೂ ಅದರದ್ದೇ ಕಾಲ ಇದೆ. ಡಿಸೆಂಬರ್ ಜನವರೀಲಿ ಅವರೆಕಾಯಿ, ಯುಗಾದಿಗೆ ಒಬ್ಬಟ್ಟು, ಮೇ ಜೂನಲ್ಲಿ ಮಾವು. ವರ್ಷಪೂರ್ತಿ ಎಲ್ಲಾನೂ ತಿನ್ನೋಕೆ ಹೋದ್ರೆ ತಾನೇ ತೊಂದರೆ.

ಮಾವಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆಯವರು ಹೆಚ್ಚು ಕೇಳೋದು ಇದನ್ನೇ. 100 ಗ್ರಾಂ ತಿರುಳಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುತ್ತೆ. ನಾನು ಅಡುಗೆಮನೆ ತಕ್ಕಡಿ ತಗೊಂಡು ಸಿಪ್ಪೆ ಓಟೆ ತೆಗೆದು ತೂಕ ಹಾಕಿ ನೋಡ್ದೆ, ನಮ್ಮ ಬಾದಾಮಿ ಹಣ್ಣು ಮಧ್ಯಮ ಗಾತ್ರದ್ದಾದ್ರೆ ಎರಡು ಕಡೆ ಕೆನ್ನೆ ಸೇರಿ 120 ಗ್ರಾಂ ಚಿಲ್ಲರೆ ಬರುತ್ತೆ. ಒಂದು ಹಣ್ಣು ಅಂದ್ರೆ ಇಷ್ಟು ಅಂತ ಕಣ್ಣಿಗೆ ಗೊತ್ತಾಯ್ತು. ಆಮೇಲೆ ಗ್ಲುಕೋಮೀಟರಲ್ಲಿ ಚೆಕ್ ಮಾಡ್ತಾ ಹೋದೆ. ಮಧ್ಯಾಹ್ನ ಅನ್ನ ಸಾರು ಹೊಟ್ಟೆ ತುಂಬ ಉಂಡು ಮೇಲೆ ಹಣ್ಣು ತಿಂದಾಗ, ತಿಂದು ಎರಡು ಗಂಟೆ ಆದ್ಮೇಲೆ ನೋಡಿದ್ರೆ ಶುಗರ್ 180ರ ಮೇಲೇ ಇರ್ತಿತ್ತು. ಅದೇ ಹಣ್ಣು ಸಾಯಂಕಾಲ ನಾಲ್ಕೂವರೆಗೆ, ಜೊತೆಗೆ ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ ಹಾಕ್ಕೊಂಡು ತಿಂದು, ಎದ್ದು ಒಂದರ್ಧ ಗಂಟೆ ನಡೆದ್ರೆ 140ರ ಆಸುಪಾಸಲ್ಲೇ ನಿಲ್ತಿತ್ತು. ಬೀಜದಲ್ಲಿರೋ ಪ್ರೋಟೀನು ಕೊಬ್ಬು ಹೊಟ್ಟೆಯಿಂದ ಸಕ್ಕರೆ ಮುಂದಕ್ಕೆ ಹೋಗೋದನ್ನ ನಿಧಾನ ಮಾಡುತ್ತೆ, ನಡೆದಾಗ ಕಾಲಿನ ಮಾಂಸಖಂಡ ಸಕ್ಕರೆ ಎಳ್ಕೊಳ್ಳುತ್ತೆ, ಕಾರಣ ಅಷ್ಟೇ. ಜ್ಯೂಸು, ಮಿಲ್ಕ್‌ಶೇಕು, ಸೀಕರಣೆ ಬಿಟ್ಟಿದೀನಿ. ಹಣ್ಣನ್ನ ಹೋಳು ಮಾಡಿ ಅಗಿದು ತಿಂದ್ರೆ ಒಂದಕ್ಕೇ ತೃಪ್ತಿ ಆಗುತ್ತೆ, ಕುಡಿಯೋಕೆ ಹೋದ್ರೆ ಮೂರು ಹಣ್ಣು ಹೋಗಿದ್ದೂ ಗೊತ್ತಾಗಲ್ಲ, ಮೇಲೆ ಸಕ್ಕರೆ ಬೇರೆ.

ತವರಿಂದ ಹಣ್ಣು ಬಂದಾಗ ಹುಲ್ಲಲ್ಲಿಟ್ಟು ಮಾಗಿಸಿ, ನಮಗೆ ಬೇಕಾದಷ್ಟು ತೆಗೆದಿಟ್ಟು ಮಿಕ್ಕಿದ್ದನ್ನ ಅವತ್ತೇ ಅಕ್ಕಪಕ್ಕದವರಿಗೆ ಹಂಚಿಬಿಡ್ತೀನಿ. ಮನೇಲಿ ರಾಶಿ ಇದ್ರೆ ಯಾರಿಗೂ ತಡೆಯೋಕಾಗಲ್ಲ, ಇದು ಮನಸ್ಸು ಗಟ್ಟಿ ಇರೋ ಪ್ರಶ್ನೆ ಅಲ್ಲವೇ ಅಲ್ಲ.

ಮುದ್ದೆ ಬಗ್ಗೆ ಒಂದು ಮಾತು. ರಾಗಿ ಎಷ್ಟು ತಿಂದ್ರೂ ಶುಗರ್ ಬರಲ್ಲ ಅಂತ ನಮ್ಮಲ್ಲಿ ನಂಬ್ಕೊಂಡಿದಾರೆ, ಅದು ಸರಿ ಇಲ್ಲ. ರಾಗೀಲಿ ಕ್ಯಾಲ್ಸಿಯಂ ನಾರು ಚೆನ್ನಾಗಿದೆ ನಿಜ, ಆದ್ರೆ 100 ಗ್ರಾಂ ಹಿಟ್ಟಲ್ಲಿ 70 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟು, ಅದರಲ್ಲಿ ಹೆಚ್ಚಿನದು ಪಿಷ್ಟಾನೇ. ನಾನು ಮುದ್ದೆ ಚಿಕ್ಕದು ಮಾಡ್ಕೊಂಡು ಬಸ್ಸಾರಿನ ಪಲ್ಯ, ಮಸ್ಸೊಪ್ಪು, ಕಾಳು ಜಾಸ್ತಿ ಮಾಡ್ಕೊಂಡೆ, ಮೊದಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈ ಹಾಕ್ತೀನಿ.

ದೋಸೆಗೆ ತಿಂಗಳಿಗೊಂದು ಭಾನುವಾರ ಇಟ್ಕೊಂಡಿದೀವಿ. ಬೆಳಿಗ್ಗೆ ಮೊದಲು ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಅಲ್ಲಿಂದ ಮುಳಬಾಗಿಲಿಗೆ ಹೋಗ್ತೀವಿ. ದಪ್ಪಗೆ, ಹೊರಗೆ ಗರಿಗರಿ ಒಳಗೆ ಮೆತ್ತಗೆ, ಕೆಂಪು ಚಟ್ನಿ ಸವರಿ ತುಪ್ಪ ಬಿಟ್ಟಿರೋ ದೋಸೆ. ತುಪ್ಪ ಕಮ್ಮಿ ಹಾಕಿ ಅಂತ ನಾನು ಯಾವತ್ತೂ ಹೇಳಲ್ಲ. ಹೋಗಿದ್ದೇ ಅದಕ್ಕಲ್ವಾ, ತಿನ್ನೋದಾದ್ರೆ ಅದರ ರುಚಿಗೇ ತಿನ್ಬೇಕು. ಒಂದು ತಿಂದು ಏಳ್ತೀನಿ, ಮಧ್ಯಾಹ್ನ ಮಜ್ಜಿಗೆ ಮತ್ತೆ ಸೌತೆಕಾಯಿ ಕೋಸಂಬರಿ ಸಾಕಾಗುತ್ತೆ. ಉಪವಾಸ ಮಾತ್ರ ಮಾಡಲ್ಲ, ರಾತ್ರಿ ಎಂದಿನ ಊಟಾನೇ.

ಕಷ್ಟ ಅಂದ್ರೆ ನೆಂಟರ ಮನೆ. ಯುಗಾದಿಗೆ ನಮ್ಮತ್ತೆ "ಹಬ್ಬದ ದಿನ ಬೇಡ ಅನ್ಬಾರ್ದು ಕಣಮ್ಮ, ಇನ್ನೊಂದು ಹಾಕ್ಕೋ" ಅಂತ ಎರಡನೇ ಒಬ್ಬಟ್ಟು ಎಲೆಗೆ ಹಾಕೋಕೆ ಬಂದಾಗ, "ಅತ್ತೆ, ಇದನ್ನ ನಾಳೆಗೆ ಎತ್ತಿಡಿ, ನಾಳೆ ಒಬ್ಬಟ್ಟಿನ ಸಾರಿನ ಜೊತೆ ತಿಂತೀನಿ" ಅಂದೆ. ಅವರಿಗೂ ಬೇಜಾರಾಗ್ಲಿಲ್ಲ, ನಾನೂ ಮಾರನೇ ದಿನ ಹೇಳಿದ ಹಾಗೇ ತಿಂದೆ. ಈಗ ಅವರೇ ನನ್ನ ಪಾಲಿಗೆ ಒಬ್ಬಟ್ಟು ಚಿಕ್ಕದಾಗಿ ತಟ್ಟಿ, ಹೂರಣ ಮಾತ್ರ ಕಮ್ಮಿ ಮಾಡ್ದೆ ಬೇಯಿಸ್ತಾರೆ.

ಮಾವಿನ ಸೀಸನ್ ಮುಗಿದ್ಮೇಲೆ ಮಾಡ್ಸಿದ ಟೆಸ್ಟಲ್ಲಿ 5.8 ಬಂತು. ಇನ್ನೂ ಗೆರೆ ದಾಟಿ ಈಚೆ ಬಂದಿಲ್ಲ, ಆದ್ರೆ ಡಾಕ್ಟರು ಇದೇ ತರ ಮುಂದುವರಿಸಿ ಅಂದಿದಾರೆ. ಇನ್ಸುಲಿನ್ನೋ ಮಾತ್ರೆಯೋ ತಗೊಳ್ತಿರೋರು ನನ್ನ ಲೆಕ್ಕ ನೋಡ್ಕೊಂಡು ಹಣ್ಣು ತಿನ್ನೋಕೆ ಹೋಗ್ಬೇಡಿ, ಎಷ್ಟು, ಯಾವಾಗ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ತಿಂದ ಎರಡು ಗಂಟೆಗೆ ಒಂದ್ಸಲ ಚೆಕ್ ಮಾಡಿ ಬರೆದಿಟ್ಕೊಂಡು ಹೋದ್ರೆ ಅವರಿಗೂ ಹೇಳೋಕೆ ಸುಲಭ ಆಗುತ್ತೆ.